ಮಧ್ಯಾಹ್ನ ಕರೆಂಟ್ ಜಾಸ್ತಿ, ಸಂಜೆ ಕಡಿಮೆ: ಈ ಗೊಂದಲದ ಬಿಲ್ ಯಾರ ಪಾಲು?

ಹುಬ್ಬಳ್ಳಿ ಲೇತ್

ಎಲ್ಲರಿಗೂ ನಮಸ್ಕಾರ. ಟಿವಿಯಲ್ಲಿ ಎರಡು ಪಕ್ಷದವರ ಕಿತ್ತಾಟ ನೋಡಿ ಸಾಕಾಗಿದೆ. ಇಲ್ಲಿ ವಿಷಯ ಗೊತ್ತಿರುವವರು ಇದ್ದಾರೆ ಅಂತ ಕೇಳುತ್ತಿದ್ದೇನೆ.

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಒಂದು ಸುದ್ದಿ ಕೊಟ್ಟಿತು. ದೇಶದ ವಿದ್ಯುತ್ ಸ್ಥಾವರಗಳ ಒಟ್ಟು ಸಾಮರ್ಥ್ಯದಲ್ಲಿ ಅರ್ಧದಷ್ಟು ಈಗ ಸೋಲಾರ್, ಗಾಳಿ, ನೀರು, ಅಣುಶಕ್ತಿಯದ್ದು. 2030ಕ್ಕೆ ಮುಟ್ಟಬೇಕಿದ್ದ ಗುರಿಯನ್ನು ಐದು ವರ್ಷ ಮೊದಲೇ ಮುಟ್ಟಿದ್ದೇವೆ ಅಂತ. ಸಂತೋಷ. ಅದಕ್ಕೂ ಮೊದಲು, 2024-25ರಲ್ಲಿ ಕಲ್ಲಿದ್ದಲು ಉತ್ಪಾದನೆ 100 ಕೋಟಿ ಟನ್ ದಾಟಿತು ಅಂತಲೂ ಇದೇ ಸರ್ಕಾರ ಸಂಭ್ರಮ ಮಾಡಿತ್ತು. ಇವೆರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ?

ಇನ್ನು ರಾಜ್ಯದಲ್ಲಿ 2023ರಿಂದ ಗೃಹಜ್ಯೋತಿ ಅಂತ ಮನೆಗಳಿಗೆ 200 ಯೂನಿಟ್‌ವರೆಗೆ ಉಚಿತ. ನನ್ನ ಮನೆಗೂ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ವರ್ಕ್‌ಶಾಪ್ ಬಿಲ್ ನೋಡಿದರೆ ಎದೆ ಧಸಕ್ ಅನ್ನುತ್ತದೆ. 2025ರ ಏಪ್ರಿಲ್‌ನಿಂದ ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿ ಅಂತ ಯೂನಿಟ್ಟಿಗೆ 36 ಪೈಸೆ ಬೇರೆ ಸೇರಿತು. ಸೋಲಾರ್ ಕರೆಂಟ್ ಎರಡೂವರೆ ರೂಪಾಯಿಗೆ ಸಿಗುತ್ತದೆ ಅಂತ ಎಲ್ಲ ಕಡೆ ಓದುತ್ತೇನೆ. ನನಗೆ ಯಾಕೆ ಸಿಗುತ್ತಿಲ್ಲ?

ಬಾಡಿಗೆ ಮನೆ

ಉಚಿತ ಕೊಟ್ಟವರ ದುಡ್ಡು ನಿಮ್ಮಿಂದ ವಸೂಲಿ. ಸಿಂಪಲ್.

ಲೆಕ್ಕಪತ್ರ

ಅಷ್ಟು ಸಿಂಪಲ್ ಇಲ್ಲ. ಗೃಹಜ್ಯೋತಿಯ ದುಡ್ಡು ಬರುವುದು ರಾಜ್ಯದ ಬಜೆಟ್‌ನಿಂದ, ಅಂದರೆ ತೆರಿಗೆಯಿಂದ. 2025-26ಕ್ಕೆ ಸುಮಾರು 10,100 ಕೋಟಿ ಇಟ್ಟಿದ್ದಾರೆ. ಪಂಪ್‌ಸೆಟ್ ಸಬ್ಸಿಡಿ ಅದಕ್ಕಿಂತ ದೊಡ್ಡದು. ಅದರ ಬಗ್ಗೆ ಯಾವ ಪಕ್ಷವೂ ಬಾಯಿ ಬಿಡುವುದಿಲ್ಲ, ಯಾಕೆ ಅಂತ ಎಲ್ಲರಿಗೂ ಗೊತ್ತು.

ಕೈಗಾರಿಕೆ, ಅಂಗಡಿಗಳ ದರ ಜಾಸ್ತಿ ಇರುವುದು ಹಳೇ ಪದ್ಧತಿ. ಕೈಯಲ್ಲಿ ದುಡ್ಡಿದ್ದವರು ಜಾಸ್ತಿ ಕೊಡಲಿ ಅಂತ. ಗೃಹಜ್ಯೋತಿಗೆ ಎಷ್ಟೋ ದಶಕ ಮೊದಲಿನಿಂದ ಇದೆ. ನಿಮ್ಮ ಸಿಟ್ಟು ಸರಿ, ವಿಳಾಸ ಬೇರೆ.

ಕೃಷ್ಣಾತೀರ

ರಾಯಚೂರು ಹತ್ತಿರದ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ (ಆರ್‌ಟಿಪಿಎಸ್) ಕೆಲಸ ಮಾಡಿ ನಿವೃತ್ತನಾದವನು ನಾನು. ಲೇತ್ ಅವರ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಬೇಕು, ಕ್ಷಮಿಸಿ.

ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ಸೋಲಾರ್ ಪ್ಯಾನೆಲ್ ರಾತ್ರಿ ಕೆಲಸ ಮಾಡುವುದಿಲ್ಲ, ಮೋಡ ಬಂದರೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಸಾಮರ್ಥ್ಯದಲ್ಲಿ ಅರ್ಧ ಹಸಿರು ಆದರೂ, ದೇಶದಲ್ಲಿ ವರ್ಷವಿಡೀ ಉತ್ಪಾದನೆಯಾಗುವ ಕರೆಂಟ್‌ನಲ್ಲಿ ಹತ್ತರಲ್ಲಿ ಏಳು ಪಾಲು ಈಗಲೂ ಕಲ್ಲಿದ್ದಲಿನದ್ದೇ. ಸರ್ಕಾರ ಹೇಳಿದ ಎರಡೂ ಸುದ್ದಿ ನಿಜ. ಮೊದಲನೆಯದನ್ನು ಹೇಳುವಾಗ ಎರಡನೆಯದನ್ನು ಹೇಳುವುದಿಲ್ಲ, ಅಷ್ಟೇ.

ಈಗ ನಮ್ಮ ಆರ್‌ಟಿಪಿಎಸ್ ಕಥೆ ಕೇಳಿ. ಎಂಟು ಘಟಕ, 1,720 ಮೆಗಾವ್ಯಾಟ್. ಮೊದಲ ಘಟಕ ಶುರುವಾಗಿದ್ದು 1985ರಲ್ಲಿ. ಅವನ್ನು ಕಟ್ಟಿದ್ದು ಹಗಲೂ ರಾತ್ರಿ ಒಂದೇ ಸಮನೆ ಓಡಲಿ ಅಂತ. ಈಗ ಏನಾಗುತ್ತದೆ? ಬೆಳಿಗ್ಗೆ ಒಂಬತ್ತಾದರೆ ಪಾವಗಡದ ಸೋಲಾರ್ ಪಾರ್ಕ್‌ನಿಂದ, ಬೇರೆ ಕಡೆಯಿಂದ ಸೋಲಾರ್ ನುಗ್ಗಿ ಬರುತ್ತದೆ. ಗ್ರಿಡ್ ನೋಡಿಕೊಳ್ಳುವ ಲೋಡ್ ಡಿಸ್ಪ್ಯಾಚ್ ಕೇಂದ್ರದಿಂದ ಫೋನ್, ಇಳಿಸಿ ಅಂತ. ಸಂಜೆ ಐದಾದರೆ ಮತ್ತೆ ಫೋನ್, ಏರಿಸಿ ಅಂತ. ಪೂರ್ತಿ ನಿಲ್ಲಿಸಿದರೆ ತಣ್ಣಗಾದ ಬಾಯ್ಲರನ್ನು ಮತ್ತೆ ಹಚ್ಚಲು ಗಂಟೆಗಟ್ಟಲೆ ಬೇಕು. ಅದಕ್ಕೆ ಎಣ್ಣೆಯನ್ನೂ ಸುಡಬೇಕು. ದಿನಾ ಬಿಸಿ ಮಾಡಿ ತಣಿಸಿದರೆ ಬಾಯ್ಲರ್ ಟ್ಯೂಬ್ ಸೀಳುತ್ತದೆ. ಆಮೇಲೆ ಪತ್ರಿಕೆಯಲ್ಲಿ "ಆರ್‌ಟಿಪಿಎಸ್ ಘಟಕ ಮತ್ತೆ ಸ್ಥಗಿತ" ಅಂತ ಬರುತ್ತದೆ.

ಘಟಕ ನಿಂತರೂ ಖರ್ಚು ನಿಲ್ಲುವುದಿಲ್ಲ. ಸಾಲದ ಬಡ್ಡಿ, ಸಂಬಳ, ನಿರ್ವಹಣೆ ಎಲ್ಲಾ ಸ್ಥಿರ ವೆಚ್ಚ. ಟ್ಯಾಕ್ಸಿ ನಿಲ್ಲಿಸಿಕೊಂಡರೆ ವೇಟಿಂಗ್ ಚಾರ್ಜ್ ಕೊಡುತ್ತೇವಲ್ಲ, ಹಾಗೆ. ಕರೆಂಟ್ ಹಂಚುವ ಕಂಪನಿಗಳು, ಅಂದರೆ ಎಸ್ಕಾಂಗಳು, ಸೋಲಾರ್‌ಗೂ ದುಡ್ಡು ಕೊಡುತ್ತವೆ, ನಿಂತ ಕಲ್ಲಿದ್ದಲು ಸ್ಥಾವರಕ್ಕೂ, ಅಂದರೆ ಥರ್ಮಲ್‌ಗೂ ಕೊಡುತ್ತವೆ. ಎರಡೂವರೆ ರೂಪಾಯಿ ಅನ್ನುವುದು ಪಾರ್ಕ್‌ನ ಗೇಟ್ ದರ. ಹುಬ್ಬಳ್ಳಿಗೆ ಬರುವಷ್ಟರಲ್ಲಿ ಲೈನ್ ವೆಚ್ಚ, ಸೋರಿಕೆ, ಈ ವೇಟಿಂಗ್ ಚಾರ್ಜ್, ಎಲ್ಲ ಸೇರುತ್ತದೆ.

ನನ್ನ ಪ್ರಕಾರ ಜಗಳ ಕಲ್ಲಿದ್ದಲು ಬೇಕೋ ಬೇಡವೋ ಅನ್ನುವುದರ ಮೇಲೆ ಅಲ್ಲ. ಸಂಜೆ ಆರರಿಂದ ರಾತ್ರಿ ಹತ್ತರವರೆಗಿನ ನಾಲ್ಕು ಗಂಟೆ ಯಾರದ್ದು ಅನ್ನುವುದರ ಮೇಲೆ.

ಲೆಕ್ಕಪತ್ರ

ಕೃಷ್ಣಾತೀರ ಅವರ ಮಾತಿಗೆ ವಿದ್ಯುತ್ ವಿನಿಮಯ ಕೇಂದ್ರದ, ಅಂದರೆ ಕರೆಂಟ್ ಕೊಂಡು ಮಾರುವ ಮಾರುಕಟ್ಟೆಯ, ದರವೇ ಸಾಕ್ಷಿ. 2025ರ ಮೇ ಕೊನೆಯಲ್ಲಿ ಮಳೆ ಬೇಗ ಬಂತು, ತಂಪಾಯಿತು, ಬೇಡಿಕೆ ಬಿತ್ತು. ಒಂದು ಭಾನುವಾರ ಮಧ್ಯಾಹ್ನ ದರ ಸೊನ್ನೆಯ ಹತ್ತಿರ ಇಳಿಯಿತು. ಬೇಸಿಗೆಯ ಸಂಜೆಗಳಲ್ಲಿ ಇದೇ ಮಾರುಕಟ್ಟೆ ಯೂನಿಟ್ಟಿಗೆ 10 ರೂಪಾಯಿ ಮಿತಿಯನ್ನು ಮುಟ್ಟುತ್ತದೆ. ಮಿತಿ ಇಲ್ಲದಿದ್ದರೆ ಎಷ್ಟಕ್ಕೆ ಹೋಗುತ್ತಿತ್ತೋ.

ಪಂಪ್‌ಸೆಟ್ ಪರಮೇಶಿ

ನಮ್ಮ ಸಬ್ಸಿಡಿ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ ಅಂದರಲ್ಲ, ನಾನೇ ಬಿಡುತ್ತೇನೆ.

ಚಿತ್ರದುರ್ಗ ಜಿಲ್ಲೆ. 10 ಎಚ್‌ಪಿವರೆಗೆ ಕರೆಂಟ್ ಫ್ರೀ, ಸರಿ. ಆದರೆ ಆ ಫ್ರೀ ಕರೆಂಟ್ ಯಾವಾಗ ಬರುತ್ತಿತ್ತು? ರಾತ್ರಿ. ಊರೆಲ್ಲ ಟಿವಿ ಆಫ್ ಮಾಡಿ ಮಲಗಿದ ಮೇಲೆ. ಕರಡಿ, ಹಾವು ನೋಡಿಕೊಂಡು ಬ್ಯಾಟರಿ ಹಿಡಿದು ತೋಟಕ್ಕೆ ಹೋಗಬೇಕಿತ್ತು. ವೋಲ್ಟೇಜ್ ಇಲ್ಲದೆ ಮೋಟರ್ ಸುಟ್ಟರೆ ವೈಂಡಿಂಗ್ ಖರ್ಚು ನಮ್ಮದೇ. ಬೇರೆಯವರಿಗೆ ಬೇಡವಾದ ಹೊತ್ತಿನ ಕರೆಂಟ್ ನಮಗೆ ಕೊಟ್ಟು, ಅದಕ್ಕೆ ಉಪಕಾರ ಅಂತ ಹೆಸರಿಟ್ಟರು.

ಈಗ ನಮ್ಮ ಫೀಡರ್‌ಗೆ ಹಗಲು ತ್ರೀಫೇಸ್ ಬರುತ್ತಿದೆ. ಇದು ನಿಜವಾಗಿ ಒಳ್ಳೆಯದಾಗಿದೆ. ಒಪ್ಪುತ್ತೇನೆ.

2023 ಮಾತ್ರ ಮರೆಯುವುದಿಲ್ಲ. ಮಳೆ ಇಲ್ಲ, ಬೆಳೆ ಒಣಗುತ್ತಿದೆ, ಆವಾಗಲೇ ದಿನಕ್ಕೆ ಏಳು ಗಂಟೆ ಕರೆಂಟ್ ಇದ್ದದ್ದನ್ನು ಐದಕ್ಕೆ ಇಳಿಸಿದರು. ಬೆಂಗಳೂರಿನ ಮಾಲ್‌ಗಳಲ್ಲಿ ಎಸಿ ನಿಂತಿತ್ತಾ?

ಕೃಷ್ಣಾತೀರ

ಪರಮೇಶಿ ಅವರೇ, ನೀವು ಗಮನಿಸಿದಿರೋ ಇಲ್ಲವೋ, ಇಡೀ ರಾಜ್ಯದ ದೊಡ್ಡ ಬ್ಯಾಟರಿ ನಿಮ್ಮ ಪಂಪ್‌ಸೆಟ್‌ಗಳೇ. 30 ಲಕ್ಷಕ್ಕೂ ಜಾಸ್ತಿ ಇವೆ. ರಾತ್ರಿಯ ಲೋಡನ್ನು ಹಗಲಿಗೆ ತಂದಿದ್ದರಿಂದ ಸೋಲಾರ್‌ಗೆ ಗಿರಾಕಿ ಸಿಕ್ಕಿತು, ನಮ್ಮ ರಾತ್ರಿಯ ಕಲ್ಲಿದ್ದಲು ಉಳಿಯಿತು. ಲಿಥಿಯಂ ಬೇಡ, ಅಣೆಕಟ್ಟು ಬೇಡ, ವೇಳಾಪಟ್ಟಿ ಬದಲಾಯಿಸಿದರೆ ಸಾಕಾಯಿತು. ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಹಾಕಿ ಕೃಷಿ ಫೀಡರ್‌ಗೆ ಕೊಡುತ್ತಿರುವುದೂ ಇದೇ ಲೆಕ್ಕದಲ್ಲಿ. ಉದ್ದದ ಲೈನ್ ಬೇಕಿಲ್ಲ, ಸೋರಿಕೆ ಕಡಿಮೆ.

ಇಂಧನ ನೀತಿಯಲ್ಲಿ ನಾನು ನೋಡಿದ ಅತಿ ಅಗ್ಗದ, ಅತಿ ಕಡಿಮೆ ಪ್ರಚಾರ ಸಿಕ್ಕ ಕೆಲಸ ಇದು. ಇದರಲ್ಲಿ ರಿಬ್ಬನ್ ಕತ್ತರಿಸಲು ಏನೂ ಇಲ್ಲವಲ್ಲ, ಅದಕ್ಕೇ ಇರಬೇಕು.

ಪಂಪ್‌ಸೆಟ್ ಪರಮೇಶಿ

ಬ್ಯಾಟರಿ ಅಂದಿದ್ದಕ್ಕೆ ಥ್ಯಾಂಕ್ಸ್ 😄 ಆದರೆ ಹಗಲು ಕರೆಂಟ್ ಚೆನ್ನಾಗಿ ಬಂದರೆ ಬೋರ್‌ವೆಲ್ ಬೇಗ ಖಾಲಿ. ಅದಕ್ಕೂ ಒಂದು ಬ್ಯಾಟರಿ ಹುಡುಕಿ.

ವಿಶ್ವಗುರು_ಬಸ್ಯಾ

ಇದೆಲ್ಲ ಪಶ್ಚಿಮದ ದೇಶಗಳ ಆಟ. 200 ವರ್ಷ ಕಲ್ಲಿದ್ದಲು ಸುಟ್ಟು ಶ್ರೀಮಂತರಾದರು, ಈಗ ನಮಗೆ ಪಾಠ. ನಮ್ಮ ತಲಾ ಇಂಗಾಲ ವರ್ಷಕ್ಕೆ 2 ಟನ್ ಆಸುಪಾಸು. ಅಮೆರಿಕದವರದ್ದು 14. ಮೊದಲು ಅವರು ಇಳಿಸಲಿ. ಜರ್ಮನಿ ನೋಡಿ, ಹಸಿರು ಹಸಿರು ಅಂತ ಕುಣಿದು ಕೊನೆಗೆ ಕಲ್ಲಿದ್ದಲಿಗೇ ವಾಪಸ್ ಹೋಯಿತು.

ರೈನ್ ದಂಡೆ

ನಾನು ಜರ್ಮನಿಯಲ್ಲೇ ಇದ್ದೇನೆ, ಊರು ಧಾರವಾಡ. ವಾಟ್ಸಾಪ್‌ನಲ್ಲಿ ಬರುವ ಜರ್ಮನಿಗೂ ನಾನು ಬಿಲ್ ಕಟ್ಟುವ ಜರ್ಮನಿಗೂ ಸ್ವಲ್ಪ ವ್ಯತ್ಯಾಸ ಇದೆ.

2022ರಲ್ಲಿ ರಷ್ಯಾದ ಗ್ಯಾಸ್ ನಿಂತಾಗ ಕೆಲವು ಕಲ್ಲಿದ್ದಲು ಸ್ಥಾವರಗಳನ್ನು ಮತ್ತೆ ಹಚ್ಚಿದ್ದು ನಿಜ. ಅದು ತಾತ್ಕಾಲಿಕವಾಗಿತ್ತು. 2023ರಿಂದ ಇಲ್ಲಿ ಬಳಸುವ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಳಿ, ಬಿಸಿಲು ಮುಂತಾದವುಗಳಿಂದ ಬರುತ್ತಿದೆ, ಕಲ್ಲಿದ್ದಲು ಇಳಿದಿದೆ. ಕೊನೆಯ ಮೂರು ಅಣುಸ್ಥಾವರಗಳನ್ನು 2023ರ ಏಪ್ರಿಲ್ 15ರಂದು ಮುಚ್ಚಿದರು. ಅದು ಸರಿಯಾ ಅಂತ ಇಲ್ಲಿ ಈಗಲೂ ಜಗಳ ನಡೆಯುತ್ತದೆ. ನನಗಂತೂ ಕಲ್ಲಿದ್ದಲು ಮುಚ್ಚುವ ಮೊದಲು ಅವನ್ನು ಮುಚ್ಚಿದ್ದು ಅರ್ಥವಾಗಿಲ್ಲ. ನಮ್ಮ ಕೈಗಾದ ಒಂದನೇ ಘಟಕ 962 ದಿನ ನಿಲ್ಲದೆ ಓಡಿ 2018ರಲ್ಲಿ ದಾಖಲೆ ಮಾಡಿದ್ದನ್ನು ಇಲ್ಲಿನವರಿಗೆ ಹೇಳಿದರೆ ಹುಬ್ಬೇರಿಸುತ್ತಾರೆ.

ಬಸ್ಯಾ ಅವರ ಸಿಟ್ಟಿಗೆ ಕಾರಣ ಇರುವುದು ದರದಲ್ಲಿ. ಮನೆಗೆ ಯೂನಿಟ್ಟಿಗೆ ಸುಮಾರು 40 ಸೆಂಟ್, ಅಂದರೆ 35 ರೂಪಾಯಿಗಿಂತ ಮೇಲೆ. ಈ ಬಿಲ್ ಇಟ್ಟುಕೊಂಡು ಇಲ್ಲಿಯೂ ಚುನಾವಣೆ ನಡೆಯುತ್ತದೆ. ಜನ ಏನು ಮಾಡಿದರು ಅಂದರೆ, ಬಾಲ್ಕನಿ ಕಂಬಿಗೆ ಎರಡು ಪ್ಯಾನೆಲ್ ಕಟ್ಟಿ ಗೋಡೆಯ ಸಾಕೆಟ್‌ಗೆ ಸಿಕ್ಕಿಸಿದರು. 800 ವ್ಯಾಟ್‌ವರೆಗೆ ಬಿಡುತ್ತಾರೆ. ಬಾಡಿಗೆದಾರರೂ ಹಾಕಬಹುದು.

ಬಾಡಿಗೆ ಮನೆ

ಇದು ನನಗೆ ಬೇಕು. ಬೆಂಗಳೂರಲ್ಲಿ ಮೂರನೇ ಮಹಡಿ, ಬಾಡಿಗೆ. ಚಾವಣಿ ಓನರ್‌ದು. ಕೇಂದ್ರದ ಚಾವಣಿ ಸೋಲಾರ್ ಯೋಜನೆ ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟ್‌ಗೆ 78,000 ಸಬ್ಸಿಡಿ ಅಂತ ಜಾಹೀರಾತು ಬರುತ್ತದೆ. ಓನರ್‌ಗೆ ತೋರಿಸಿದೆ. ಅವರು ಕೇಳಿದ್ದು ಒಂದೇ ಮಾತು: ಹಾಕಿದರೆ ನನಗೇನು ಲಾಭ? ನಾಲ್ಕೂ ಮನೆಗೆ ಸೊನ್ನೆ ಬಿಲ್ ಬರುತ್ತಿದೆ.

ಲೆಕ್ಕಪತ್ರ

ಬಂತು ನೋಡಿ ಅಸಲಿ ವಿಷಯ. ಕೇಂದ್ರ ಹೇಳುತ್ತದೆ, ಸಾಲ ಮಾಡಿ ಪ್ಯಾನೆಲ್ ಹಾಕಿ, 300 ಯೂನಿಟ್ ಉಚಿತ. ರಾಜ್ಯ ಹೇಳುತ್ತದೆ, ಏನೂ ಹಾಕಬೇಡಿ, 200 ಯೂನಿಟ್ ಉಚಿತ. ಯಾವುದನ್ನು ಆರಿಸುತ್ತೀರಿ? ಎರಡು ಸರ್ಕಾರ ಒಂದೇ ಮನೆಗೆ ಎರಡು ದಿಕ್ಕಿನಿಂದ ದುಡ್ಡು ಸುರಿಯುತ್ತಿವೆ. ಕರ್ನಾಟಕ ಚಾವಣಿ ಸೋಲಾರ್‌ನಲ್ಲಿ ಗುಜರಾತ್‌ಗಿಂತ ಇಷ್ಟು ಹಿಂದೆ ಇರುವುದಕ್ಕೆ ಬಿಸಿಲು ಕಾರಣ ಅಲ್ಲ.

ಹಾಗಂತ ಗೃಹಜ್ಯೋತಿ ಕಿತ್ತುಹಾಕಿ ಅನ್ನುವವರ ಪೈಕಿ ನಾನಲ್ಲ. 60 ಯೂನಿಟ್ ಸುಡುವ ಮನೆಗೆ ಆ ದುಡ್ಡು ದೊಡ್ಡದು. ಆದರೆ 190 ಯೂನಿಟ್ ಸುಡುವ ಮನೆಗೂ ಪೂರ್ತಿ ಮಾಫಿ ಯಾಕೆ? ಹಳೇ ಸರಾಸರಿಯ ಮೇಲೆ 10% ಜಾಸ್ತಿ ಬಳಸಿದರೂ ಫ್ರೀ ಅನ್ನುವ ನಿಯಮ ನೋಡಿ. ಕಡಿಮೆ ಬಳಸಿದವನಿಗೆ ಕಡಿಮೆ ಉಚಿತ, ಜಾಸ್ತಿ ಬಳಸಿದವನಿಗೆ ಜಾಸ್ತಿ ಉಚಿತ. ಇದನ್ನು ಬರೆದವರು ಹವಾಮಾನದ ಬಗ್ಗೆ ಯೋಚಿಸಿರಲಿಲ್ಲ ಅನ್ನುವುದು ಖಾತ್ರಿ.

ವಿಶ್ವಗುರು_ಬಸ್ಯಾ

ರಾಜ್ಯದವರ ಬಿಟ್ಟಿ ಭಾಗ್ಯಕ್ಕೆ ಕೇಂದ್ರವನ್ನು ಯಾಕೆ ಎಳೆಯುತ್ತೀರಿ? ಕೇಂದ್ರ ಕಲ್ಲಿದ್ದಲಿನ ಸೆಸ್ ತೆಗೆದುಹಾಕಿದೆ, ಗೊತ್ತಾ?

ಲೆಕ್ಕಪತ್ರ

ಗೊತ್ತು. ಆ ಸೆಸ್‌ಗೆ ಒಂದು ಕಥೆ ಇದೆ. 2010ರಲ್ಲಿ ಶುರುವಾಯಿತು, ಟನ್ನಿಗೆ 50 ರೂಪಾಯಿ. ಹಸಿರು ಇಂಧನಕ್ಕೆ ನಿಧಿ ಮಾಡುತ್ತೇವೆ ಅಂದರು. 2016ರ ಹೊತ್ತಿಗೆ 400 ಆಯಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ದುಡ್ಡು ರಾಜ್ಯಗಳ ತೆರಿಗೆ ನಷ್ಟ ತುಂಬಲು ಹೋಯಿತು. ಹಸಿರು ನಿಧಿಯ ಕಥೆ ಅಲ್ಲಿಗೆ ಮುಗಿಯಿತು. 2025ರ ಸೆಪ್ಟೆಂಬರ್ 22ರಿಂದ ಸೆಸ್ ಇಲ್ಲ, ಬದಲಿಗೆ ಜಿಎಸ್‌ಟಿ 5ರಿಂದ 18%ಗೆ ಏರಿತು.

ಲೆಕ್ಕ ಹಾಕಿ ನೋಡಿ. ಟನ್ನಿಗೆ 1,200 ರೂಪಾಯಿಯ ದೇಶಿ ಕಲ್ಲಿದ್ದಲು ಅಂತ ಇಟ್ಟುಕೊಳ್ಳಿ. ಮೊದಲು ತೆರಿಗೆ 460, ಈಗ 216. 10,000 ರೂಪಾಯಿಯ ವಿದೇಶಿ ಕಲ್ಲಿದ್ದಲಿಗೆ ಮೊದಲು 900, ಈಗ 1,800. ದೇಶಿ ಕಲ್ಲಿದ್ದಲಿನ ಸ್ಥಾವರಗಳಿಗೆ ಲಾಭ, ಗ್ರಾಹಕನಿಗೂ ಯೂನಿಟ್ಟಿಗೆ ಒಂದಿಷ್ಟು ಪೈಸೆ ಲಾಭ. ಆದರೆ ನಮ್ಮ ದೇಶದಲ್ಲಿ ಇಂಗಾಲಕ್ಕೆ ಇದ್ದ ಒಂದೇ ನೇರ ಬೆಲೆಯನ್ನೂ ತೆಗೆದೆವು. ಪಾರ್ಲಿಮೆಂಟಿನಲ್ಲಿ ಇದರ ಬಗ್ಗೆ ಯಾವ ಪಕ್ಷವೂ ಗದ್ದಲ ಮಾಡಲಿಲ್ಲ.

ಎಥನಾಲ್ ವಿರೋಧಿ

ನನ್ನ ಬೈಕ್ ಮೈಲೇಜ್ ಇ20 ಬಂದಮೇಲೆ ಬಿದ್ದುಹೋಗಿದೆ. ಅದನ್ನೂ ಸೇರಿಸಿ!

ನಿರ್ವಾಹಕ

ಪೆಟ್ರೋಲ್, ಎಥನಾಲ್, ಕಬ್ಬಿನ ದರಕ್ಕೆ ಬೇರೆ ಎಳೆ ಇದೆ. ಅಲ್ಲಿ ಆಗಲೇ ಯುದ್ಧ ನಡೆಯುತ್ತಿದೆ, ಹೋಗಿ ಸೇರಿಕೊಳ್ಳಿ. ಇಲ್ಲಿ ಕರೆಂಟ್ ಮಾತ್ರ.

ಶೇಂಗಾ ಹೊಲ

ಮೇಲೆ ಪಾವಗಡದ ಹೆಸರು ಬಂತು, ಹಾಗಾಗಿ ಬರೆಯುತ್ತಿದ್ದೇನೆ. ನಮ್ಮ ಜಮೀನೂ ಆ ಪಾರ್ಕಿನೊಳಗೆ ಇದೆ.

ಹೊರಗಿನವರಿಗೆ ಗೊತ್ತಿರುವುದು 2,050 ಮೆಗಾವ್ಯಾಟ್, 13,000 ಎಕರೆ, ತಿರುಮಣಿ. ಇಲ್ಲಿ ಜಮೀನು ಕೊಂಡಿಲ್ಲ, ಗುತ್ತಿಗೆಗೆ ತಗೊಂಡಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ 5% ಏರಿಕೆ. ಬರಗಾಲದ ತಾಲ್ಲೂಕು ನಮ್ಮದು, ಶೇಂಗಾ ಕೈಕೊಡುತ್ತಿದ್ದದ್ದೇ ಜಾಸ್ತಿ. ದೊಡ್ಡ ಹಿಡುವಳಿದಾರರಿಗೆ ಇದು ವರವೇ. ಮಕ್ಕಳು ಓದಿದರು, ಸಾಲ ತೀರಿತು. ಭೂಮಿ ಕಿತ್ತುಕೊಂಡರು ಅಂತ ನಮ್ಮ ಪರವಾಗಿ ಅಳುವವರು ಇದನ್ನೂ ಕೇಳಿಸಿಕೊಳ್ಳಬೇಕು.

ಜಮೀನಿಲ್ಲದವರ ಕಥೆ ಬೇರೆ. ಕಳೆ ಕೀಳುವುದು, ಶೇಂಗಾ ಕೀಳುವುದು ಅಂತ ಕೂಲಿ ಇತ್ತು. ಅದು ಹೋಯಿತು. ಕುರಿಯವರಿಗೆ ಮೇವಿನ ಜಾಗಕ್ಕೆ ಬೇಲಿ ಬಿತ್ತು. ಪ್ಯಾನೆಲ್ ತೊಳೆಯುವ, ಹುಲ್ಲು ಕತ್ತರಿಸುವ ಕೆಲಸ, ಸೆಕ್ಯುರಿಟಿ ಕೆಲಸ ಸಿಕ್ಕಿದೆ, ಎಲ್ಲರಿಗೂ ಅಲ್ಲ. ಗುತ್ತಿಗೆ ಹಣ ಪಹಣಿ ಇದ್ದವನಿಗೆ ಹೋಯಿತು. ಆ ಹೊಲದಲ್ಲಿ ಮೂವತ್ತು ವರ್ಷ ದುಡಿದವನ ಹೆಸರು ಪಹಣಿಯಲ್ಲಿ ಇರುವುದಿಲ್ಲ.

21,000 ಅವತ್ತಿಗೆ ದೊಡ್ಡದು. ಎರಡು ವರ್ಷಕ್ಕೆ 5% ಅಂದರೆ ವರ್ಷಕ್ಕೆ ಎರಡೂವರೆ. ಬೇಳೆ, ಎಣ್ಣೆ, ಕಾಲೇಜ್ ಫೀಸು ಆ ಲೆಕ್ಕದಲ್ಲಿ ಏರುತ್ತಿಲ್ಲ. ಮುಂದೆ ಬೇರೆ ಕಡೆ ಪಾರ್ಕ್ ಮಾಡುವಾಗ ಬಾಡಿಗೆಯ ಬದಲು ಯೂನಿಟ್ಟಿಗೆ ಇಷ್ಟು ಪೈಸೆ ಪಾಲು ಅಂತ ಕೇಳಿ. ಒಪ್ಪಂದಕ್ಕೆ ಸಹಿ ಹಾಕುವವರಿಗೆ ನನ್ನ ಸಲಹೆ ಅಷ್ಟೇ.

ಹುಬ್ಬಳ್ಳಿ ಲೇತ್

ಇದು ಗೊತ್ತೇ ಇರಲಿಲ್ಲ. ಹಾಗಾದರೆ ಕೃಷ್ಣಾತೀರ ಸರ್, ನೀವು ಹೇಳಿದ ಸಂಜೆ ಆರರಿಂದ ಹತ್ತರವರೆಗಿನ ಹೊತ್ತಿಗೆ ಪರಿಹಾರ ಏನು? ಶರಾವತಿ ಪಂಪ್ಡ್ ಸ್ಟೋರೇಜ್ ಅಂತಾರಲ್ಲ?

ಕೃಷ್ಣಾತೀರ

ತಾಂತ್ರಿಕವಾಗಿ ಚೆಂದದ ಉಪಾಯ. 2,000 ಮೆಗಾವ್ಯಾಟ್. ಮಧ್ಯಾಹ್ನ ಸೋಲಾರ್ ಜಾಸ್ತಿ ಇದ್ದಾಗ ಗೇರುಸೊಪ್ಪೆಯ ನೀರನ್ನು ಮೇಲೆ ತಲಕಳಲೆಗೆ ಎತ್ತಬೇಕು, ಸಂಜೆ ಕೆಳಗೆ ಬಿಟ್ಟು ಕರೆಂಟ್ ಮಾಡಬೇಕು. ಎರಡೂ ಜಲಾಶಯ ಆಗಲೇ ಇವೆ, ಹೊಸ ಅಣೆಕಟ್ಟು ಬೇಡ. ಎತ್ತಲು 100 ಯೂನಿಟ್ ಹಾಕಿದರೆ 75ರಿಂದ 80 ವಾಪಸ್ ಸಿಗುತ್ತದೆ. ಎಂಜಿನಿಯರ್ ಆಗಿ ನನಗೆ ಇಷ್ಟ.

ಮಲೆನಾಡ ಮಳೆ

ಎಂಜಿನಿಯರ್‌ಗಳಿಗೆ ಶರಾವತಿ ಯಾವತ್ತೂ ಇಷ್ಟವೇ. ಸಾಗರದವನು ನಾನು.

ನಾಡಿಗೆ ಬೆಳಕು ಕೊಡಲು ಲಿಂಗನಮಕ್ಕಿ ಕಟ್ಟಿದರು, 1964ರಲ್ಲಿ ಶರಾವತಿ ಸ್ಥಾವರ ಶುರುವಾಯಿತು. ಮುಳುಗಡೆಯಾದ ಕುಟುಂಬಗಳಲ್ಲಿ ಎಷ್ಟೋ ಮಂದಿಗೆ ಇವತ್ತಿಗೂ ಜಮೀನಿನ ಹಕ್ಕುಪತ್ರ ಇಲ್ಲ. ಅರವತ್ತು ವರ್ಷದಿಂದ ಪ್ರತಿ ಚುನಾವಣೆಯಲ್ಲೂ ಅದೇ ಭರವಸೆ. ಮೊದಲ ಯೋಜನೆಯ ಬಾಕಿ ತೀರಿಸದೆ ಎರಡನೆಯದಕ್ಕೆ ಸಹಕಾರ ಕೇಳಲು ಬಂದಿದ್ದಾರೆ.

"ಹೊಸ ಅಣೆಕಟ್ಟು ಬೇಡ" ಅನ್ನುವುದು ಸರಿ. ಸುರಂಗ? ರಸ್ತೆ? ಲೈನ್? ಎಲ್ಲವೂ ಸಿಂಹಬಾಲದ ಸಿಂಗಳೀಕದ ಅಭಯಾರಣ್ಯದಲ್ಲೇ. ಒಂದು ಮರದಿಂದ ಇನ್ನೊಂದು ಮರಕ್ಕೆ ಹಾರುವ ಪ್ರಾಣಿ ಅದು, ಕಾಡಿನ ನಡುವೆ ರಸ್ತೆ ಕಡಿದರೆ ಅದರ ದಾರಿಯೇ ತುಂಡಾಗುತ್ತದೆ. ಜೊತೆಗೆ ಪ್ರತಿ ಮಳೆಗಾಲ ಗುಡ್ಡ ಕುಸಿಯುವ ಜಾಗ. 2025ರ ಅಹವಾಲು ಸಭೆಗಳಲ್ಲಿ ಜನ ಇದನ್ನೇ ಹೇಳಿದ್ದು.

ಇನ್ನೊಂದು ಗಮನಿಸಿ. ಈ ವಿಷಯದಲ್ಲಿ ಕಾಂಗ್ರೆಸ್ ರಾಜ್ಯ ಸರ್ಕಾರ, ಬಿಜೆಪಿ ಕೇಂದ್ರ ಸರ್ಕಾರ ಕಿತ್ತಾಡುತ್ತಿಲ್ಲ. ಯೋಜನೆ ರಾಜ್ಯದ್ದು, 2025ರ ಜೂನ್‌ನಲ್ಲಿ ತಾತ್ವಿಕ ಒಪ್ಪಿಗೆ ಕೊಟ್ಟದ್ದು ಕೇಂದ್ರದ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ. ಇಲ್ಲಿ ಮಾತ್ರ ಎಂಥಾ ಒಗ್ಗಟ್ಟು!

ವಿಶ್ವಗುರು_ಬಸ್ಯಾ

ಥರ್ಮಲ್ ಬೇಡ, ಅಣು ಬೇಡ, ಶರಾವತಿಯೂ ಬೇಡ. ಮೊಬೈಲ್ ಚಾರ್ಜ್ ಮಾತ್ರ ಬೇಕು.

ಮಲೆನಾಡ ಮಳೆ

ಥರ್ಮಲ್ ಬೇಡ ಅಂತ ನಾನು ಎಲ್ಲಿ ಬರೆದೆ? ಮೇಲೆ ಹೋಗಿ ಓದಿ. ನಮ್ಮ ಊರಲ್ಲಿ ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇಲ್ಲದಿದ್ದರೆ ಅದು ಸುದ್ದಿಯೇ ಅಲ್ಲ. ಜಲಾಶಯದ ಪಕ್ಕದ ಊರು ಸ್ವಾಮಿ. ಮೊಬೈಲ್ ಚಾರ್ಜ್ ಬಗ್ಗೆ ನನಗೆ ಪಾಠ ಬೇಡ.

ರೈನ್ ದಂಡೆ

ಬ್ಯಾಟರಿ ಬೆಲೆ ಬಿದ್ದಿರುವ ವೇಗ ನೋಡಿದರೆ ಶರಾವತಿಯ ಲೆಕ್ಕವೇ ಹಳತಾಗಬಹುದು. 2025ರ ಸೆಪ್ಟೆಂಬರ್‌ನಲ್ಲಿ ಮಧ್ಯಪ್ರದೇಶದ ಮೊರೆನಾದಲ್ಲಿ ಸೋಲಾರ್ ಮತ್ತು ಬ್ಯಾಟರಿ ಎರಡೂ ಸೇರಿದ ಟೆಂಡರ್‌ಗೆ ಯೂನಿಟ್ಟಿಗೆ 2.70 ರೂಪಾಯಿ ದರ ಬಂತು. ಸಂಜೆಯ ಪೀಕ್ ಹೊತ್ತಿಗೂ ಕೊಡಬೇಕು ಅನ್ನುವ ಷರತ್ತು ಸೇರಿಸಿ. ಒಂದೆರಡು ವರ್ಷ ಹಿಂದೆ ಯಾರಾದರೂ ಹೇಳಿದ್ದರೆ ನಗುತ್ತಿದ್ದೆವು.

ಕೃಷ್ಣಾತೀರ

ಟೆಂಡರ್ ದರ ನೋಡಿದ್ದೇನೆ. ಕಟ್ಟಿ ಓಡಿಸಿ ತೋರಿಸಲಿ, ಆಮೇಲೆ ಟೋಪಿ ತೆಗೆಯುತ್ತೇನೆ. ಇನ್ನೊಂದು, ಬ್ಯಾಟರಿ ಎರಡು ಅಥವಾ ನಾಲ್ಕು ಗಂಟೆಗೆ ಸರಿ. 2023ರಂತೆ ಮಳೆಯೇ ಇಲ್ಲದ ವರ್ಷ ಬಂದರೆ? ಅವತ್ತು ಲಿಂಗನಮಕ್ಕಿ ತುಂಬಲಿಲ್ಲ, ಪಂಪ್‌ಸೆಟ್ ಲೋಡ್ ಮಾತ್ರ ಮಳೆಗಾಲದಲ್ಲೇ ಏರಿತು. ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಂ ಹೊರತೆಗೆದು, ಖಾಸಗಿ ಉತ್ಪಾದಕರು ಹೊರಗೆ ಮಾರಬಾರದು ಅಂತ ಆದೇಶ ಮಾಡಿತು. ಉತ್ತರ ಪ್ರದೇಶ, ಪಂಜಾಬ್‌ನಿಂದ ಸಾಲದ ಲೆಕ್ಕದಲ್ಲಿ ಕರೆಂಟ್ ತಂದೆವು, ಆಮೇಲೆ ಹಿಂತಿರುಗಿಸುವ ಕರಾರಿನ ಮೇಲೆ. ಅವತ್ತು ನಮ್ಮನ್ನು ಕಾಯ್ದದ್ದು ರಾಯಚೂರು, ಬಳ್ಳಾರಿಯ ಹಳೇ ಬಾಯ್ಲರ್‌ಗಳೇ.

ಬಸ್ಯಾ ಅವರೇ, ನಿಮ್ಮ 2 ಟನ್ ವಾದ ನ್ಯಾಯದ್ದೇ. ಆದರೆ ಮಳೆ ಕೈಕೊಟ್ಟರೆ ನೀರಿನ ಅಗ್ಗದ ಕರೆಂಟ್ ಇಲ್ಲ, ಸೆಕೆ ಏರಿದರೆ ಎಸಿ ಲೋಡ್. 2024ರ ಮೇ 30ರಂದು ದೇಶದ ಬೇಡಿಕೆ 250 ಗಿಗಾವ್ಯಾಟ್ ಮುಟ್ಟಿದ್ದು ಉತ್ತರ ಭಾರತ ಕುದಿಯುತ್ತಿದ್ದ ವಾರದಲ್ಲಿ. ಹವಾಮಾನದ ಖರ್ಚು ಅಮೆರಿಕ ಏನು ಮಾಡುತ್ತದೆ ಅಂತ ಕಾಯುತ್ತಾ ಕೂತಿಲ್ಲ, ನಮ್ಮ ಬಿಲ್‌ಗೆ ಬಂದಾಗಿದೆ.

ಹಾಗಾಗಿ ಹಳೇ ಘಟಕಗಳನ್ನು ಒಡೆಯಬೇಡಿ, ಬರಗಾಲಕ್ಕೆ ಅಂತ ಇಟ್ಟುಕೊಳ್ಳಿ. ಹೊಸದನ್ನೂ ಕಟ್ಟಬೇಡಿ. ಕಟ್ಟಿದರೆ ಮುಂದಿನ 25 ವರ್ಷ ಓಡಿದರೂ ನಿಂತರೂ ದುಡ್ಡು ಕೊಡುತ್ತಿರಬೇಕು. ಈ ಮಾತಿಗೆ ನಮ್ಮ ಹಳೇ ಸಹೋದ್ಯೋಗಿಗಳು ನನ್ನ ಜೊತೆ ಟೀ ಕುಡಿಯುವುದು ಬಿಟ್ಟರೂ ಪರವಾಗಿಲ್ಲ.

ಹುಬ್ಬಳ್ಳಿ ಲೇತ್

ಸರಿ, ನನ್ನಂಥವನು ಏನು ಮಾಡಬಹುದು? ಮಧ್ಯಾಹ್ನ ಅಷ್ಟು ಅಗ್ಗ ಇದ್ದರೆ ನನ್ನ ಫರ್ನೇಸ್ ಕೆಲಸ ಹತ್ತರಿಂದ ನಾಲ್ಕಕ್ಕೆ ಇಟ್ಟುಕೊಳ್ಳುತ್ತೇನೆ. ಸಂಜೆ ಬೇಕಾದರೆ ಬಂದ್ ಮಾಡುತ್ತೇನೆ. ಆದರೆ ದರದಲ್ಲಿ ಆ ವ್ಯತ್ಯಾಸ ಕಾಣಬೇಕಲ್ಲ.

ಲೆಕ್ಕಪತ್ರ

ಅದಕ್ಕೇ ಕೇಂದ್ರ 2023ರ ಜೂನ್‌ನಲ್ಲಿ ಗ್ರಾಹಕರ ಹಕ್ಕುಗಳ ನಿಯಮ ತಿದ್ದಿತು. ಸೋಲಾರ್ ಹೊತ್ತಿನಲ್ಲಿ ದರ 10ರಿಂದ 20% ಕಡಿಮೆ, ಪೀಕ್ ಹೊತ್ತಿನಲ್ಲಿ ಅಷ್ಟೇ ಜಾಸ್ತಿ. 10 ಕಿಲೋವ್ಯಾಟ್‌ಗಿಂತ ಜಾಸ್ತಿ ಬೇಡಿಕೆಯ ವಾಣಿಜ್ಯ, ಕೈಗಾರಿಕೆಗಳಿಗೆ 2024ರ ಏಪ್ರಿಲ್‌ನಿಂದ, ಕೃಷಿ ಬಿಟ್ಟು ಉಳಿದವರಿಗೆ 2025ರ ಏಪ್ರಿಲ್‌ನಿಂದ ಅಂತ ಕಾಗದದಲ್ಲಿ ಇದೆ. ಜಾರಿ ಮಾಡುವುದು ದರ ನಿಗದಿ ಮಾಡುವ ಆಯಾ ರಾಜ್ಯದ ವಿದ್ಯುತ್ ಆಯೋಗ, ನಮ್ಮಲ್ಲಿ ಕೆಇಆರ್‌ಸಿ. ಹೊತ್ತಿನ ಲೆಕ್ಕ ಇಡುವ ಮೀಟರ್ ಬೇಕು. ಅರ್ಜಿಗಳ ವಿಚಾರಣೆಯಲ್ಲಿ ಯಾರು ಬೇಕಾದರೂ ಹೋಗಿ ಮಾತಾಡಬಹುದು. ಹೋಗುವವರು ದೊಡ್ಡ ಕಾರ್ಖಾನೆಗಳ ವಕೀಲರು ಮಾತ್ರ.

ಪಂಪ್‌ಸೆಟ್ ಪರಮೇಶಿ

ಮನೆಗೂ ಪೀಕ್ ದರ ಹಾಕಿದರೆ ಸಂಜೆ ಮಿಕ್ಸಿ ಹಾಕುವ ಹೆಂಗಸರು ಯಾವ ಪಕ್ಷಕ್ಕೂ ಓಟು ಹಾಕುವುದಿಲ್ಲ, ಈಗಲೇ ಹೇಳಿದ್ದೇನೆ.

ಲೆಕ್ಕಪತ್ರ

ಅದಕ್ಕೇ ಯಾವ ಪಕ್ಷವೂ ಆ ವಿಷಯ ಎತ್ತುತ್ತಿಲ್ಲ 😄 ಮನೆಗಳನ್ನು ಸದ್ಯಕ್ಕೆ ಬಿಡಿ. ಸಣ್ಣ ಕೈಗಾರಿಕೆ, ಕೋಲ್ಡ್ ಸ್ಟೋರೇಜ್, ಊರಿನ ನೀರು ಸರಬರಾಜು, ಗಾಡಿ ಚಾರ್ಜಿಂಗ್, ಇವು ಹೊತ್ತು ಬದಲಾಯಿಸಿಕೊಳ್ಳಬಲ್ಲವು.

ಹುಬ್ಬಳ್ಳಿ ಲೇತ್

ಸರಿ. ನಮ್ಮ ಎಸ್ಟೇಟ್‌ನಲ್ಲಿ ಫರ್ನೇಸ್, ಪ್ಲೇಟಿಂಗ್, ಪೌಡರ್ ಕೋಟಿಂಗ್ ಇರುವವರನ್ನು ಕೂಡಿಸಿ ಹಗಲು ದರಕ್ಕೆ ಅಂತ ಒಂದು ಅರ್ಜಿ ಬರೆಯುತ್ತೇನೆ. ಲೆಕ್ಕಪತ್ರ, ಕರಡು ಒಮ್ಮೆ ನೋಡಿಕೊಡುತ್ತೀರಾ?

ಲೆಕ್ಕಪತ್ರ

ಕಳಿಸಿ. ಎಲ್ಲರ ಮೂರು ತಿಂಗಳ ಬಿಲ್ ಲಗತ್ತಿಸಿ, ಎಷ್ಟು ಲೋಡ್ ಹಗಲಿಗೆ ತರಬಲ್ಲಿರಿ ಅಂತ ಕಿಲೋವ್ಯಾಟ್‌ನಲ್ಲಿ ಬರೆಯಿರಿ. "ಬಡ ಉದ್ಯಮಿಗಳ ಮೇಲೆ ಕರುಣೆ ಇಡಿ" ಅಂತ ಮಾತ್ರ ಬರೆಯಬೇಡಿ.

ಮಲೆನಾಡ ಮಳೆ

ಎಷ್ಟು ಮೆಗಾವ್ಯಾಟ್ ಹೀಗೆ ಹಗಲಿಗೆ ಸರಿಯಬಹುದು ಅಂತ ರಾಜ್ಯದ ಲೆಕ್ಕ ಯಾರಾದರೂ ತೆಗೆದರೆ ನನಗೂ ಒಂದು ಪ್ರತಿ ಕಳಿಸಿ. ಶರಾವತಿ ಅರ್ಜಿಗೆ ಲಗತ್ತಿಸುತ್ತೇನೆ.